ಗೆಣ್ಣು ದಾಟದ ಉಂಗುರ

ಸೋಪು ಹಚ್ಚಿ ಎಳೆದರೂ ಉಂಗುರ ಗೆಣ್ಣು ದಾಟಲಿಲ್ಲ. ಎಣ್ಣೆಯೂ ಆಯಿತು. ಮದುವೆಯಲ್ಲಿ ಕಡ್ಡಿಯಂತಿದ್ದ ಬೆರಳು, ಮಕ್ಕಳಾದ ಮೇಲೆ ದಪ್ಪವಾಗಿ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಅವಳದು ನೀರು ಪರೀಕ್ಷೆ ಮಾಡುವ ಕೆಲಸ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಬೂದಿ ಹೊಂಡ ದಾಟಿ ಹರಿಯುವ ನದಿಯಿಂದ ಅವಳೇ ತುಂಬಿ ತಂದ ನೀರಿನಲ್ಲಿ ಆರ್ಸೆನಿಕ್ ವಿಷ ಸಿಕ್ಕಿತ್ತು. ಇದ್ದದ್ದು ಚೂರೇ ಚೂರು, ಆದರೆ ಕುಡಿಯುವ ನೀರಿನಲ್ಲಿ ಇರಬಾರದಷ್ಟು. ಕೆಳಗಿನ ಊರು ಕುಡಿಯುವುದು ಅದನ್ನೇ. ಸಭೆಯಲ್ಲಿ ಸ್ಥಾವರದ ಮ್ಯಾನೇಜರ್, "ಮೇಡಂ ಕೈಯಲ್ಲಿ ಉಂಗುರ ಇದೆಯಲ್ಲ, ಅದರಿಂದ ಬಂದಿರಬೇಕು" ಎಂದು ನಕ್ಕು ಪರೀಕ್ಷೆಯನ್ನೇ ತಳ್ಳಿಹಾಕಿದ್ದ. ನಾಳೆ ಬೆಳಿಗ್ಗೆ ಅವನ ಎದುರಿಗೇ ಮತ್ತೆ ನೀರು ತೆಗೆಯಬೇಕು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದಳು, ಬೆರಳು ಒರೆಸಿಕೊಳ್ಳುತ್ತ. "ಉಂಗುರದಿಂದ ಅಷ್ಟೆಲ್ಲ ಬರಲ್ಲ, ಅವನಿಗೂ ಗೊತ್ತು. ಆದ್ರೂ ಈ ಸಲ ಅವನಿಗೆ ನೆಪ ಸಿಗಬಾರದು."

"ಉಂಡ ಮನೆಗೆ ಎರಡು ಬಗೆಯೋದು ಬೇಡಮ್ಮ" ಎಂದರು ಅತ್ತೆ. "ಇವನ ಕೆಲಸ ಹೋದ್ರೆ?"

ಗಂಡ ಅದೇ ಸ್ಥಾವರದಲ್ಲಿ ಫಿಟ್ಟರ್. ಎದ್ದು ಒಳಗೆ ಹೋದ. ಸಿಟ್ಟಾದನೇನೋ ಎಂದುಕೊಂಡಳು. ಅವನು ಹಿಂತಿರುಗಿದ್ದು ಸಣ್ಣ ಗರಗಸ, ತಗಡಿನ ಚೂರಿನೊಂದಿಗೆ.

"ಕೈ ಕೊಡು." ಚರ್ಮ ಕೊಯ್ಯದಂತೆ ಉಂಗುರದಡಿ ತಗಡು ತೂರಿಸಿದ.

"ನಿಮ್ಮ ಕೆಲಸ?"

"ನಾನು ಬೋಲ್ಟು ಬಿಗಿಯೋನು, ಇನ್ನೆಲ್ಲಾದ್ರೂ ಬಿಗೀತೀನಿ. ಆ ಊರಿನವರು ಇನ್ನೊಂದು ನದಿ ಎಲ್ಲಿಂದ ತರ್ತಾರೆ?" ಗರಗಸ ಆಡಿತು. "ಅಲ್ಲಾ, ನಾನು ತೊಡಿಸಿದ ಉಂಗುರಾನೇ ವಿಷ ಅಂತಾನಲ್ಲ! ಅವನ ತಲೆ!"

ಅವಳು ನಗಲು ಹೋಗಿ ಅತ್ತುಬಿಟ್ಟಳು. ಇಂಥ ಗಂಡನನ್ನು ಮೆಚ್ಚಬೇಕೋ, ಅವನ ಕೈಗೆ ನಂಬಿಕೆಯಿಂದ ಕೈ ಕೊಟ್ಟು ಕೂತವಳನ್ನೋ? ಇಬ್ಬರನ್ನೂ ಮೆಚ್ಚಿದರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಬೆಳಿಗ್ಗೆ ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತರು. ಅವಳ ಕಿವಿಯತ್ತ ಕೈ ಚಾಚಿ, ಓಲೆಗಳನ್ನು ಒಂದೊಂದಾಗಿ ಬಿಚ್ಚಿಕೊಂಡರು.

"ಆ ಮನುಷ್ಯನ ಕಣ್ಣು ಇದರ ಮೇಲೂ ಬಿದ್ದೀತು. ಬಂದ ಮೇಲೆ ಹಾಕ್ಕೋ."

ದೋಣಿಯಲ್ಲಿ ಮ್ಯಾನೇಜರ್ ಬಗ್ಗಿ ಅವಳ ಕೈ ನೋಡಿದ. ಅವಳು ಎರಡೂ ಕೈಗಳನ್ನು ತಿರುಗಿಸಿ ತೋರಿಸಿದಳು. ಉಂಗುರವಿದ್ದಲ್ಲಿ ಬೆಳ್ಳಗಿನ ಒಂದು ಗುರುತಿತ್ತು. ಆಮೇಲೆ ಕೈಗವಸು ತೊಟ್ಟು, ಬಾಟಲಿಯ ಬಾಯನ್ನು ಹರಿವಿಗೆ ಎದುರಾಗಿ ಹಿಡಿದು ನೀರಿಗೆ ಇಳಿಸಿದಳು.