ನಸುಕಿನ ತಾಸಿಗೆ ಎಷ್ಟು ಕಾಳು?

"ಹುಣ್ಣಿವಿ ಬಂತಂದ್ರ ಈ ಟಿ.ಸಿ. ಯಾಕ ಸುಡತದೋ?"

ಉಗರಗೋಳದ ಓಣಿಯಲ್ಲಿ ನಳಕ್ಕೆ ಹೊರಟಿದ್ದ ಗುರುಬಸವ್ವ ಕಂಬದ ಮೇಲಿನ ಹೊಸ ಟ್ರಾನ್ಸ್‌ಫಾರ್ಮರನ್ನು ನೋಡುತ್ತ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಹೊಸ್ತಿಲ ಹುಣ್ಣಿಮೆಯ ನಸುಕಿನಲ್ಲಿ ಹಳೆಯದು ಸುಟ್ಟಿತ್ತು. ಅದರೊಡನೆ ಓಣಿಯ ಕುಡಿಯುವ ನೀರಿನ ಪಂಪೂ ನಿಂತಿತ್ತು. ಹೊಸದು ಬರುವವರೆಗೆ ಊರ ಹೊರಗಿನ ಬಾವಿಯಿಂದ ನೀರು ಹೊತ್ತು ಅವಳ ಮೊಣಕಾಲು ಬಾತುಹೋಗಿತ್ತು. ಈಗ ಬನದ ಹುಣ್ಣಿಮೆ ಹತ್ತಿರ ಬಂದಿದೆ. ಇನ್ನೊಮ್ಮೆ ಸುಟ್ಟರೆ ಆ ಬಾವಿಯವರೆಗೆ ನಡೆಯುವುದು ಅವಳಿಂದಾಗದು.

ಎದುರು ಮನೆಯ ಅನ್ನಪೂರ್ಣಾ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಸ್ತ್ರೀಶಕ್ತಿ ಸಂಘದವಳು, ಸವದತ್ತಿಯಲ್ಲಿ ವಿದ್ಯುತ್ ಬಳಕೆಯ ತರಬೇತಿ ಮುಗಿಸಿ ಬಂದಿದ್ದಳು.

"ಬರ್ರಿ ಅತ್ತಿ, ಕುಂದರ್ರಿ. ಯಾಕ ಸುಡತದ ಅನ್ನೋದನ್ನ ಕಾಳಿನಾಗ ನೋಡೂಣು."

"ಏನವಾ, ಸವದತ್ತ್ಯಾಗ ಕಣಿ ಹೇಳೂದೂ ಕಲಿಸ್ಯಾರೇನ?"

ಅನ್ನಪೂರ್ಣಾ ನಕ್ಕು, ಇದ್ದಿಲಿನಿಂದ ಕಟ್ಟೆಯ ಮೇಲೆ ಚೌಕಗಳನ್ನು ಎಳೆದಳು. ನಸುಕಿನಿಂದ ರಾತ್ರಿಯವರೆಗೆ ತಾಸಿಗೊಂದು ಚೌಕ.

"ಒಂದು ಬಲ್ಬಿಗೆ ಒಂದು ಕಾಳು. ಯಾವ ತಾಸಿಗೆ ಏನೇನು ಹಚ್ಚತೀರಿ, ಆ ಚೌಕದಾಗ ಇಡ್ರಿ."

"ಓಣ್ಯಾಗ ಮೂವತ್ ಮನಿ ಅದಾವ. ಎಲ್ಲಾರ್ನೂ ಕೇಳಕೋತ ಕುಂತರ ಹುಣ್ಣಿವಿ ದಾಟಿ ಅಮಾಸಿ ಬರತೈತಿ."

"ಅನ್ನ ಬೆಂದೈತೋ ಇಲ್ಲೋ ನೋಡಾಕ ಗಡಗ್ಯಾಗಿನ ಎಲ್ಲಾ ಅಗಳ ಹಿಚಕತೀರೇನ್ರಿ? ನಮ್ಮ ಓಣಿ ಮನಿಗೋಳು ಹೆಚ್ಚು ಕಡಿಮಿ ಒಂದ ಥರಾ. ನಿಮ್ಮ ಮನೀದು ಗೊತ್ತಾದ್ರ ಮೂವತ್ತರಿಂದ ಗುಣಿಸಿದ್ರಾತು. ಅಂದಾಜು ಸಿಗತೈತಿ."

ಗುರುಬಸವ್ವ ಕಾಳಿಟ್ಟಳು. ಮಧ್ಯಾಹ್ನದ ಚೌಕಗಳು ಖಾಲಿ. ದೀಪ ಹಚ್ಚುವ ಹೊತ್ತಿಗೆ ಬಲ್ಬು, ಟಿ.ವಿ. ಸೇರಿ ಐದು ಕಾಳು. ನಸುಕಿಗೆ ಒಂದೇ.

"ಇಷ್ಟ ನೋಡು. ಇಷ್ಟಕ್ಕ ಟಿ.ಸಿ. ಸುಡತದೇನ?"

"ಇದು ದಿನದ ಮಾತಾತು. ಹುಣ್ಣಿವಿ ನಸಿಕಿಗೆ?"

"ಅವತ್ತೂ ಒಂದ ಬಲ್ಬ."

"ಮತ್ತ ಗುಡ್ಡಕ್ಕ ಹೋಗವರಿಗೆ ನೀರ ಕಾಸೋ ಕಾಯಿಲ್?"

ಗುರುಬಸವ್ವ ಗಲ್ಲ ಗಲ್ಲ ಬಡಿದುಕೊಂಡಳು. "ಅದು ತಾಯಿ ಸೇವಾ ಅವಾ! ಸೇವಾದ್ದು ಲೆಕ್ಕಾ ಹಿಡೀತಾರೇನ?"

ಆ ಓಣಿಯಲ್ಲಿ ಯಾರೂ ಹಿಡಿದಿರಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಹುಣ್ಣಿಮೆಗೆ ಇವರ ಪಡಸಾಲೆಗಳಲ್ಲಿ ಮಲಗುತ್ತಾರೆ. ನಸುಕಿನಲ್ಲಿ ಅವರ ಜಳಕಕ್ಕೆ ಬಿಸಿನೀರು ಕೊಡುವುದು ಮನೆಮನೆಯ ನೇಮ. ಕೊಟ್ಟದ್ದನ್ನು ಎಣಿಸಬಾರದು ಎಂಬುದೂ ನೇಮವೇ.

"ನಾವು ಎಣಸೂದು ಬ್ಯಾಡ್ರಿ ಅತ್ತಿ. ಆದ್ರ ತಂತಿ ಎಣಸತೈತಿ," ಎಂದು ಅನ್ನಪೂರ್ಣಾ ನಸುಕಿನ ಚೌಕಕ್ಕೆ ಇಪ್ಪತ್ತೈದು ಕಾಳು ಹಾಕಿದಳು. "ಒಂದ ಕಾಯಿಲ್ ಅಂದ್ರ ನಲವತ್ತು ವ್ಯಾಟಿನ ಬಲ್ಬ್ ಇಪ್ಪತ್ತೈದು. ಮೂವತ್ತೂ ಮನ್ಯಾಗ ಒಂದ ತಾಸಿಗೆ ಹಚ್ಚಿದ್ರ? ಮ್ಯಾಲೆ ಪಂಪು ಬ್ಯಾರೆ."

ಗುರುಬಸವ್ವ ಆ ಗುಡ್ಡೆಯನ್ನೇ ನೋಡಿದಳು.

"ಹಂಗಾರ ಸೇವಾ ಬಿಡೂದೇನ?"

"ಬಿಡಬ್ಯಾಡ್ರಿ, ಹಂಚೂಣು. ಹತ್ತು ಮನಿ ಒಂದು ತಾಸು, ಹತ್ತು ಮನಿ ಮುಂದಿನ ತಾಸು, ಉಳಿದ ಹತ್ತು ಅದರ ಮುಂದಿನ ತಾಸು. ಪಂಪು ಮಧ್ಯಾಹ್ನ ಹಚ್ಚೂಣು, ಆ ಚೌಕ ಖಾಲಿ ಐತಲ್ಲ. ಈ ಅಂದಾಜು ಕರೆಂಟ್ ಆಫೀಸಿನಾಗ ತೋರಿಸಿ ದೊಡ್ಡ ಟಿ.ಸಿ. ಕೇಳೂಣು. ಅದು ಬರೂತನಕ ಪಾಳಿ."

ಸಂಜೆ ಓಣಿಯವರೆಲ್ಲ ಬಂದು ಕಾಳು ನೋಡಿದರು, ವಾದಿಸಿದರು, ಒಪ್ಪಿದರು. ಗುರುಬಸವ್ವನ ಮನೆಗೆ ಕೊನೆಯ ಪಾಳಿ ಬಂತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಓಣಿಯಲ್ಲೂ ಹೀಗೆ ಕಾಳಿಟ್ಟು ನೋಡಿ. ಯಾವ ತಾಸಿಗೆ ರಾಶಿ ಏರುತ್ತದೆ, ಯಾವ ತಾಸು ಖಾಲಿ ಎಂದು ತಿಳಿದುಕೊಳ್ಳಿ. ದಿನದ ಬಳಕೆಯ ಜೊತೆಗೆ ಹಬ್ಬ, ಹುಣ್ಣಿಮೆ, ಮದುವೆಯ ದಿನಗಳನ್ನೂ ಹಿಡಿಯಿರಿ. ದಾನಕ್ಕೆ ಕೊಟ್ಟ ಕರೆಂಟೂ ಕರೆಂಟೇ. ಪಾಳಿ ಮಾಡುವುದು ಸುಲಭ, ಅದನ್ನು ಕಾಯುವುದು ಕಷ್ಟ. ಕಾಯಿರಿ.

ಬನದ ಹುಣ್ಣಿಮೆಯ ನಸುಕು. ಗದಗುಟ್ಟಿಸುವ ಚಳಿ. ಗುರುಬಸವ್ವನ ಪಡಸಾಲೆಯಲ್ಲಿ ಮಲಗಿದ್ದ ಭಕ್ತನೊಬ್ಬ ಎದ್ದು ಕೈಮುಗಿದ.

"ಯವ್ವಾ, ಲಗೂ ಗುಡ್ಡ ಹತ್ತಬೇಕು. ಕಾಯಿಲ್ ಹಚ್ಚಿ ಒಂದ ಬಕೀಟ ನೀರ ಕಾಸಿ ಕೊಡ್ರಿ. ಎಲ್ಲವ್ವನ ಹೆಸರಲೇ ಕೇಳತೇನಿ."

ಆ ಹೆಸರು ಹೇಳಿದವರಿಗೆ ಅವಳು ಎಂದೂ ಇಲ್ಲವೆಂದವಳಲ್ಲ. ಎದುರು ಸಾಲಿನ ಮನೆಗಳಿಂದ ಬಿಸಿನೀರಿನ ಹಬೆ ಏಳುತ್ತಿತ್ತು; ಅದು ಅವರ ತಾಸು.

"ಇಲ್ಲಪಾ," ಎಂದಳು ಗುರುಬಸವ್ವ. "ನಮ್ಮ ಪಾಳಿ ಇನ್ನೂ ಬಂದಿಲ್ಲ. ನಾ ಈಗ ಹಚ್ಚಂಗಿಲ್ಲ."