ಮೊದಲ ಕುಂಬಳಕಾಯಿ ಒಡೆದ ಕುಡಗೋಲು

ನಾನೊಂದು ಕುಡಗೋಲು. ಹುಟ್ಟುವ ಮೊದಲು ಯಾವುದೋ ಲಾರಿಯ ಅಡಿಯಲ್ಲಿ ಕಮಾನು ಪಟ್ಟಿಯಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. ಕಂಬಾರ ಮೌನೇಶಪ್ಪ ನನ್ನನ್ನು ಮೂರು ಸಲ ಕೆಂಪಗೆ ಕಾಯಿಸಿ, ಬಡಿದು, ಬಗ್ಗಿಸಿ, ನೀರು ಕುಡಿಸಿದ. ಜಾಲಿ ಕಟ್ಟಿಗೆಯ ಹಿಡಿ ತೊಡಿಸಿ, ಹೆಬ್ಬೆರಳಿನಿಂದ ಅಂಚು ಸವರಿ ನೋಡಿ ಶೇಖಪ್ಪನ ಕೈಗೆ ಕೊಟ್ಟ.

"ಹುಷಾರಪಾ. ಇದು ಯಾರ ಕೈ ಅಂತ ನೋಡೂದಿಲ್ಲ. ಇದಕ್ಕ ಕೊಯ್ಯೂದಷ್ಟ ಗೊತ್ತು" ಎಂದ.

ನನ್ನ ಜಾತಕವನ್ನು ಅವನು ಅಂದೇ ಬರೆದುಬಿಟ್ಟಿದ್ದ. ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಶೇಖಪ್ಪನದು ಗುಡ್ಡದ ಬುಡದಲ್ಲಿ ಮೂರೆಕರೆ ಎರೆಹೊಲ. ಪಕ್ಕದ ಮೂರೆಕರೆ ಅವನ ತಮ್ಮ ಬಾಳಪ್ಪನದು. ಅಪ್ಪ ಸಾಯುವ ಮೊದಲು ಬದುವಿನ ಮೇಲೆ ನಿಂತು, "ಈ ಕಡೆ ನಿಂದು, ಆ ಕಡೆ ಅವಂದು" ಎಂದು ಕೈ ತೋರಿಸಿದ್ದೇ ಪಾಲು. ಕಾಗದ ಅಪ್ಪನ ಹೆಸರಿನಲ್ಲೇ ಉಳಿಯಿತು. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎಂದು ಆಗ ಎಲ್ಲರೂ ದೊಡ್ಡ ಮಾತಾಡಿದರು. ಶೇಖಪ್ಪನ ಬದುವಿನ ಮೇಲೆ ಐದು ಸೀತಾಫಲದ ಗಿಡಗಳಿದ್ದವು. ಅವುಗಳ ಬುಡದಲ್ಲಿ ಅವನ ಹೆಂಡತಿ ತೋಟವ್ವ ಪ್ರತಿ ಮಳೆಗಾಲ ಕುಂಬಳದ ಬೀಜ ಊರುತ್ತಿದ್ದಳು. ಆಕೆಯ ಕೈಗುಣ ದೊಡ್ಡದು. ಕಲ್ಲಿನ ಸಂದಿಯಲ್ಲಿ ಊರಿದರೂ ಬಳ್ಳಿ ಹಬ್ಬುತ್ತಿತ್ತು.

ಹೊಟ್ಟೆಯಲ್ಲಿ ಹುಟ್ಟಿದವು ಮಾತ್ರ ನಿಲ್ಲಲಿಲ್ಲ. ಎರಡು ಗಂಡು ಕೂಸುಗಳು ತಿಂಗಳು ತುಂಬುವುದರೊಳಗೆ ಮಣ್ಣಾದವು. ಆಗ ಅವಳ ಅತ್ತೆ ಆಡಿದ ಮಾತನ್ನು ಬಾಗಿಲ ಮೂಲೆಯಲ್ಲಿದ್ದ ನಾನೂ ಕೇಳಿದ್ದೇನೆ.

"ಕುಂಬಳಕಾಯಿ ಅಂದ್ರ ಹಿರೇಮಗ ಇದ್ದಂಗ. ಇಡೀ ಕಾಯಿಗೆ ಹೆಣ್ಮಗಳು ಈಳಿಗಿ ಹಚ್ಚಬಾರದು ಅಂತ ಹಿರೇರು ಸುಳ್ಳ ಹೇಳ್ಯಾರೇನು? ಬಸುರಿದ್ದಾಗ ಹಚ್ಚಿರ್ತಿ ನೀ."

ತೋಟವ್ವ ಹಚ್ಚಿರಲಿಲ್ಲ. ಆದರೆ ಹಚ್ಚಿದ್ದೆನೋ ಏನೋ ಎಂಬ ಅನುಮಾನ ಅವಳ ಎದೆಯಲ್ಲಿ ಬೇರುಬಿಟ್ಟಿತು. ಮೂರನೆಯದು ಹೆಣ್ಣು, ಶಿವಲೀಲಾ. ಉಳಿದದ್ದು ಅದೊಂದೇ. ಅಂದಿನಿಂದ ಗಂಡಸು ಒಂದು ಗೀರು ಹಾಕಿಕೊಡದೆ ತೋಟವ್ವ ಕುಂಬಳಕಾಯಿಗೆ ಈಳಿಗೆ ಹಚ್ಚಿದವಳಲ್ಲ. ಗೀರು ಬಿದ್ದಮೇಲೆ ಸಿಪ್ಪೆ ತೆಗೆಯುವುದು, ಹೆಚ್ಚುವುದು, ಬೇಯಿಸುವುದು ಎಲ್ಲ ಹೆಂಗಸರದೇ. ಆ ಒಂದು ಗೀರು ಮಾತ್ರ ಗಂಡಸಿನದು. ಎಂಥ ಕಷ್ಟದ ಕೆಲಸ ನೋಡಿ!

ಸೀಗಿ ಹುಣ್ಣಿಮೆ ನನ್ನ ಹಬ್ಬ. ಮಳೆ ಹಿಂದೆ ಸರಿದು, ಹೊಲ ಹಸಿರಾಗಿ, ಭೂಮಿತಾಯಿ ಬಸುರಿ ಎಂದು ಜನ ಬಯಕೆಯೂಟ ಒಯ್ಯುವ ದಿನ. ಎರಡೂ ಮನೆಯವರು ಒಂದೇ ಚಕ್ಕಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ನನ್ನನ್ನು ಉದ್ದನೆಯ ಗಳದ ತುದಿಗೆ ಕಟ್ಟಿ ಸೀತಾಫಲ ಇಳಿಸುತ್ತಿದ್ದರು. "ಕಣ್ಣು ಬಿಟ್ಟ ಕಾಯಿ ಅಷ್ಟ ಹರೀರಿ, ಇಲ್ಲಂದ್ರ ಹಣ್ಣಾಗೂದಿಲ್ಲ, ಕರ್ರಗಾಗತಾವು" ಎಂದು ತೋಟವ್ವ ಕೆಳಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ನನ್ನನ್ನು ತೊಳೆದು, ವಿಭೂತಿ ಬಳಿದು, ಬನ್ನಿಗಿಡದ ಕೆಳಗೆ ನೆಟ್ಟ ಐದು ಕಲ್ಲುಗಳ ಮುಂದಿಡುತ್ತಿದ್ದರು. ಆ ವರ್ಷದ ಮೊದಲ ಕುಂಬಳಕಾಯಿಯನ್ನು ಅಲ್ಲಿ ಒಡೆಯುವುದು ಆ ಮನೆತನದ ಪದ್ಧತಿ. ಶೇಖಪ್ಪ ಒಂದೇ ಏಟಿಗೆ ಒಡೆದು, ಅದರ ಹೋಳನ್ನು ಕಡುಬಿನ ಜೊತೆ ಕಲಸಿ ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲುತ್ತಿದ್ದ. ಹದಿಮೂರು ಸಲ ಒಡೆದ. ಹದಿನಾಲ್ಕನೆಯ ಸೀಗಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನವಿದ್ದಾಗ ಮೂರು ದಿನದ ಜ್ವರದಲ್ಲಿ ತೀರಿಕೊಂಡ.

ಆ ವರ್ಷ ಹಬ್ಬ ಬೇಡವೆಂದರು. ಮರುವರ್ಷ ತೋಟವ್ವ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೊಲಕ್ಕೆ ನಡೆದಳು. ಆ ಒಂದು ವರ್ಷದಲ್ಲಿ ಹೊಲದ ಕೆಲಸವನ್ನೆಲ್ಲ ಅವಳೇ ಮಾಡಿದ್ದಳು. ಕಳೆ ತೆಗೆದದ್ದು, ಜೋಳ ಕೊಯ್ದದ್ದು, ಸೊಪ್ಪೆ ಕಟ್ಟಿದ್ದು ಎಲ್ಲಕ್ಕೂ ನಾನೇ ಸಾಕ್ಷಿ. ಅಂದು ಐದು ಕಲ್ಲಿನ ಮುಂದೆ ಕುಂಬಳಕಾಯಿ ಇಟ್ಟು, ನನ್ನನ್ನು ಪಕ್ಕಕ್ಕಿಟ್ಟು, ಸುಮ್ಮನೆ ಕುಳಿತಳು.

ಹತ್ತು ವರ್ಷದ ಶಿವಲೀಲಾಳಿಗೆ ಹಸಿವು. "ಯವ್ವ, ಕುಡಗೋಲ ನಿನ್ನ ಕೈಯಾಗ, ಕುಂಬಳಕಾಯಿ ನಿನ್ನ ಕೈಯಾಗ. ಒಡಿ ಮತ್ತ!" ಎಂದಳು. ಅವ್ವ ಅಲುಗಾಡದ್ದು ಕಂಡು ತಾನೇ ನನ್ನನ್ನೆತ್ತಿ ಕಾಯಿಯ ಮೇಲೆ ಹಿಡಿದಳು. ಚಿಕ್ಕ ಕೈ, ಬೆವೆತಿತ್ತು. ನಾನು ಒಪ್ಪಿಕೊಂಡಿದ್ದೆ.

ತೋಟವ್ವ ಮಗಳ ಕೆನ್ನೆಗೆ ಬಾರಿಸಿದಳು. ಅದುವರೆಗೆ ಮಗಳ ಮೇಲೆ ಕೈ ಎತ್ತದ ತಾಯಿ! "ಇರೂದೊಂದು ಕೂಸು, ನಿನ್ನೂ ತಿಂದು ಕೂಡ್ಲೇನು ನಾನು?" ಎಂದು ಅತ್ತಳು. ನಂತರ ಕಣ್ಣೊರೆಸಿಕೊಂಡು ಬದುವಿನ ಮೇಲೆ ನಿಂತು ಕೂಗಿದಳು. "ಬಾಳಪ್ಪಾ, ಬಂದು ಒಂದು ಗೀರ ಹಾಕಿ ಹೋಗಪಾ."

ಬಾಳಪ್ಪ ಕೂಡಲೇ ಬರಲಿಲ್ಲ. ಕರೆಯಲಿ ಎಂದು ಕಾದವನು ಇನ್ನೆರಡು ಸಲ ಕರೆಯಲಿ ಎಂದೂ ಕಾದ. ಅಷ್ಟರಲ್ಲಿ ಆಚೀಚೆ ಹೊಲದವರೆಲ್ಲ ತಿರುಗಿ ನೋಡುವಂತಾಯಿತು. ಆಮೇಲೆ ಟವಲು ಹೆಗಲಿಗೇರಿಸಿ ಬಂದ. "ಅದಕ್ಯಾಕ ಅಳ್ತೀರಿ ವೈನಿ? ನಾ ಇಲ್ಲೇನು?" ಎಂದು ನನ್ನನ್ನು ಎತ್ತಿದ. ಕಾಯಿ ಎರಡಾಯಿತು. ಚರಗವನ್ನೂ ಅವನೇ ಚೆಲ್ಲಿದ. ಹೋಗುವಾಗ ಒಂದು ಬುಟ್ಟಿ ಸೀತಾಫಲ, ನಾಲ್ಕು ದೊಡ್ಡ ಕುಂಬಳಕಾಯಿ ಅವನ ಚಕ್ಕಡಿಗೆ ಹೋದವು. ತೋಟವ್ವ ತಾನೇ ಏರಿಸಿಕೊಟ್ಟಳು, ಪಾಪ, ಉಪಕಾರ ತೀರಿಸಿದೆ ಎಂದುಕೊಂಡು.

ಹೀಗೆ ಹನ್ನೊಂದು ಸೀಗಿ ಹುಣ್ಣಿಮೆ. ವರ್ಷದ ಮುನ್ನೂರ ಅರವತ್ನಾಲ್ಕು ದಿನ ನಾನು ತೋಟವ್ವನ ಕೈಯಲ್ಲಿ, ಒಂದೇ ಒಂದು ದಿನ ಬಾಳಪ್ಪನ ಕೈಯಲ್ಲಿ. ಊರು ನೋಡಿದ್ದು ಆ ಒಂದು ದಿನವನ್ನು. ನನ್ನ ಹಿಡಿ ತೋಟವ್ವನ ಬೆರಳುಗಳ ಅಳತೆಗೆ ಸವೆದಿತ್ತು. ಅದನ್ನು ಯಾರೂ ನೋಡಲಿಲ್ಲ.

ಶಿವಲೀಲಾಳಿಗೆ ಇಪ್ಪತ್ತೊಂದಾಗಿತ್ತು. ಹೊಲವನ್ನು ಅವಳ ಹೆಸರಿಗೆ ಮಾಡಿಸಬೇಕೆಂದು ತೋಟವ್ವ ಬಾಳಪ್ಪನನ್ನು ಕೇಳಿದಳು. ಕಾಗದಕ್ಕೆ ಅವನ ಒಪ್ಪಿಗೆ ಬೇಕಿತ್ತು. ಅವನು ಊರ ಹಿರಿಯರನ್ನು ಕೂಡಿಸಿದ. ತೋಟವ್ವ ಹೊಲದಿಂದ ನೇರವಾಗಿ ಬಂದಿದ್ದಳು, ನಾನು ಅವಳ ಬುಟ್ಟಿಯಲ್ಲಿದ್ದೆ. ಬುಟ್ಟಿಯಿಂದ ನನಗೆ ಕಂಡದ್ದು ಬರೀ ಪಾದಗಳು. ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕುಳಿತ ಗಂಡಸರ ಪಾದಗಳು ಮತ್ತು ಕೆಳಗೆ ಮಣ್ಣು ಮೆತ್ತಿದ ತೋಟವ್ವನ ಎರಡು ಪಾದ.

"ನಾ ಹೆಚ್ಚಿಗಿ ಮಾತಾಡೂದಿಲ್ರಿ" ಎಂದ ಬಾಳಪ್ಪ. "ಅಣ್ಣ ಸತ್ತಮ್ಯಾಲೆ ಆ ಹೊಲದಾಗ ಮೊದಲ ಕಾಯಿ ಯಾರು ಒಡದಾರ, ಚರಗಾ ಯಾರು ಚೆಲ್ಲ್ಯಾರ, ವೈನೀನ್ನ ಕೇಳ್ರಿ. ಹೊಲಾ ಯಾರು ನಡಿಸ್ಯಾರ ಅನ್ನೂದು ತಿಳೀತೈತಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅದು ಹಿಂದಿನ ಕಾಲದ ಕಳ್ಳರ ಮಾತು, ಅವರಿಗೆ ಅಳುಕಾದರೂ ಇತ್ತು. ಬಾಳಪ್ಪ ಟವಲು ಕೊಡವಿ ಮತ್ತೆ ಹೆಗಲಿಗೇರಿಸಿದ ಸದ್ದು ಕೇಳಿತು, ಅಷ್ಟೆ.

ಹಿರಿಯ ಗುರುಪಾದಪ್ಪ ಕೇಳಿದ. "ಖರೇ ಏನವಾ ತಂಗಿ? ಹನ್ನೊಂದು ವರ್ಷ ಅಂವನ ಒಡದಾನ?"

"ಖರೇರೀ" ಎಂದಳು ತೋಟವ್ವ. "ನಾನ ಕರದಿದ್ದೆ. ಆದ್ರ ಬೀಜಾ ಊರಿದಾಕಿ ನಾನ್ರಿ."

"ಬೀಜಾ ಯಾರರ ಊರ್ತಾರವಾ" ಎಂದ ಗುರುಪಾದಪ್ಪ. ಪಾದಗಳೆಲ್ಲ ತಲೆಯಾಡಿಸಿದಂತೆ ಅಲುಗಾಡಿದವು. ಹುಡುಗಿ ನಾಳೆ ಬೇರೆ ಮನೆಗೆ ಹೋಗುವವಳು, ಹೊಲ ಮನೆತನದಲ್ಲೇ ಇರಲಿ, ಬಾಳಪ್ಪ ತೋಟವ್ವನ ಹೊಟ್ಟೆಗೆ ಜೋಳ ಕೊಡಲಿ ಎಂದು ಮಾತು ಮುಗಿಯಿತು. ನಾನು ಬುಟ್ಟಿಯಲ್ಲಿದ್ದೆ. ಅಂದು ಸಿಟ್ಟಿಗೆ ನನ್ನ ಮೈ ಕಾಯ್ದಷ್ಟು ಮೌನೇಶಪ್ಪನ ಕುಲುಮೆಯಲ್ಲೂ ಕಾಯ್ದಿರಲಿಲ್ಲ. ಸಿಟ್ಟು ಬಾಳಪ್ಪನ ಮೇಲೆ, ಅವನ ಕೈಯಲ್ಲಿ ಹನ್ನೊಂದು ಸಲ ಚಂದವಾಗಿ ಕೊಯ್ದ ನನ್ನ ಮೇಲೂ.

"ಕೋರ್ಟಿಗೆ ಹೋಗೂಣು ಯವ್ವ" ಎಂದಳು ಶಿವಲೀಲಾ ಮನೆಗೆ ಬಂದು.

"ನನ್ನ ಬಾಯಿಲೇ ಖರೇ ಅಂದು ಬಂದೀನಿ. ಈಗ ಅದನ್ನ ಹೆಂಗ ನುಂಗ್ಲಿ?" ಎಂದು ತೋಟವ್ವ ನನ್ನನ್ನು ಬಾಗಿಲ ಮೇಲಿನ ಜಂತಿಗೆ ಸಿಕ್ಕಿಸಿದಳು. ನನಗೆ ಇನ್ನು ಹೊಲವಿಲ್ಲ.

ಮುಂದಿನ ಸೀಗಿ ಹುಣ್ಣಿಮೆಗೆ ಬಾಳಪ್ಪನ ಮನೆಯವರೆಲ್ಲ ಟ್ರ್ಯಾಕ್ಟರ್ ಏರಿ, ನಗುತ್ತ ಕೂಗುತ್ತ ನಮ್ಮ ಬಾಗಿಲ ಮುಂದೆಯೇ ಹೊಲಕ್ಕೆ ಹೋದರು. ಇಳಿಹೊತ್ತಿಗೆ ಅವನ ಹೆಂಡತಿ ಒಂದು ಬುಟ್ಟಿ ಸೀತಾಫಲ ಕಳಿಸಿದಳು. ತೋಟವ್ವ ಒಂದೊಂದನ್ನೇ ತಿರುವಿ ನೋಡಿದಳು. ಒಂದೂ ಕಣ್ಣು ಬಿಟ್ಟಿರಲಿಲ್ಲ.

ಹಿತ್ತಲ ಗೋಡೆಯ ಮೇಲೆ ಆ ವರ್ಷ ತಾನಾಗಿ ಹುಟ್ಟಿದ ಬಳ್ಳಿಯೊಂದು ಒಂದೇ ಕಾಯಿ ಬಿಟ್ಟಿತ್ತು. ತೋಟವ್ವ ಅದನ್ನು ತಂದು ಪಡಸಾಲೆಯಲ್ಲಿಟ್ಟಳು. ನನ್ನನ್ನು ಇಳಿಸಿ, ಸೆರಗಿನಿಂದ ಒರೆಸಿ, ಮಗಳ ಕೈಗೆ ಕೊಟ್ಟಳು.

"ಒಡಿ."

"ಯವ್ವ?"

"ಒಡಿ ಅಂದ್ನೆಲ್ಲ."

ಶಿವಲೀಲಾ ಒಡೆದಳು. ನಾನು ಮೊಂಡಾಗಿದ್ದೆ, ಎರಡು ಏಟು ಬೇಕಾದವು. ಒಳಗೆ ಹಳದಿ ತಿರುಳು, ಬಿಳಿ ಬೀಜ, ಎಲ್ಲ ಕುಂಬಳಕಾಯಿಯಲ್ಲಿರುವಂತೆ. ತೋಟವ್ವ ಮಗಳ ಮುಖವನ್ನೇ ನೋಡುತ್ತ ಕುಳಿತಳು. ಮರುದಿನ ಬೆಳಿಗ್ಗೆ ಅವಳ ಹಣೆ ಮುಟ್ಟಿ ನೋಡಿದಳು. ಅದರ ಮರುದಿನವೂ ಮುಟ್ಟಿದಳು. ಗಂಡ ಹೋದದ್ದು ಮೂರೇ ದಿನದ ಜ್ವರದಲ್ಲಿ, ಹಾಗಾಗಿ ಮೂರು ದಿನವೂ ಅವಳು ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಶಿವಲೀಲಾ ಎಂದಿನಂತೆ ಎದ್ದು, ಅಂಗಳ ಗುಡಿಸಿ, ಕುಂಬಳಕಾಯಿಯ ಗಾರಿಗೆ ಕರಿದು, ಬಿಸಿಬಿಸಿಯಾಗಿ ಅವ್ವನ ಮುಂದಿಟ್ಟಳು.

"ನೋಡಿದೇನು? ಏನೂ ಆಗ್ಲಿಲ್ಲ" ಎಂದು ನಕ್ಕಳು.

ಆಗ ಅತ್ತಳು ತೋಟವ್ವ. ಎರಡು ಕೂಸು ಹೋದಾಗ, ಗಂಡ ಹೋದಾಗ, ಹೊಲ ಹೋದಾಗ ಅವಳು ಅತ್ತದ್ದನ್ನು ಕಂಡಿದ್ದೇನೆ. ಹೀಗೆ ಅತ್ತದ್ದನ್ನು ಕಂಡಿರಲಿಲ್ಲ. "ಏನೂ ಆಗ್ಲಿಲ್ಲ" ಎಂದೇ ಮತ್ತೆ ಮತ್ತೆ ಹೇಳಿ ಅತ್ತಳು. ಏನಾದರೂ ಆಗಿದ್ದರೆ ಆ ಹನ್ನೊಂದು ವರ್ಷಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಈಗ ನಾನು ಜಂತಿಯಲ್ಲೇ ಇದ್ದೇನೆ. ತುಕ್ಕು ಹಿಡಿಯುತ್ತಿದೆ, ಹಿಡಿ ಸೀಳಿದೆ. ನನ್ನ ಅಂಚು ಗಂಡಸಿನ ಕೈ, ಹೆಂಗಸಿನ ಕೈ ಎಂದು ಯಾವತ್ತೂ ನೋಡಿದ್ದಲ್ಲ. ಅದನ್ನು ಹೇಳಲು ನನಗೆ ಬಾಯಿರಲಿಲ್ಲ, ಹೇಳಬಲ್ಲವರು ಹೇಳಲಿಲ್ಲ. ಆ ಹತ್ತು ವರ್ಷದ ಹುಡುಗಿಯ ಬೆವೆತ ಕೈ ಮಾತ್ರ ಹೇಳಹೊರಟಿತ್ತು. ಅದಕ್ಕೆ ಕೆನ್ನೆಗೆ ಏಟು ಬಿತ್ತು.