ಬಾಗಿಲ ಪಕ್ಕದ ಮೂಲೆ

ರೇಣುಕಯ್ಯ ಮೇಷ್ಟ್ರ ಕ್ಲಾಸೆಂದರೆ ಬುಕ್ಕಾಪಟ್ಟಣದ ಸುತ್ತಮುತ್ತ ಹೆಸರುವಾಸಿ. ಸೊಳ್ಳೆ ಹಾರಿದರೂ ಕೇಳಿಸಬೇಕು, ಅಷ್ಟು ನಿಶ್ಶಬ್ದ. ಹಾಗಂತ ಹೊಡೆಯುವವರಲ್ಲ ಪಾಪ, ಬೈಯುವವರೂ ಅಲ್ಲ. ಉತ್ತರ ಗೊತ್ತಿಲ್ಲದವರು ಬಾಗಿಲ ಪಕ್ಕದ ಮೂಲೆಗೆ ಹೋಗಿ ಬೆಲ್ ಹೊಡೆಯುವವರೆಗೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ಅಷ್ಟೇ. ಈ ಏರ್ಪಾಟಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ಕಲ್ಲು ಹಾಕಿದವಳು ಏಳನೇ ಕ್ಲಾಸಿನ ಹುಡುಗಿ ಉಮ್ಮೆ ಹಾನಿಯ ತಾಯಿ, ಬಳೆ ಅಂಗಡಿಯ ಅಂಬ್ರೀನ್. ಒಂದು ದಿನ ಸೀದಾ ಸ್ಕೂಲಿಗೇ ಬಂದಳು.

"ಮನೇಲಿ ನಮ್ ತಲೆ ತಿಂದಾಕ್ತಾಳೆ ಸಾ. ಇಲ್ಲಿ ಬಾಯೇ ಬಿಡಲ್ವಂತೆ. ಬಾಯಿ ಬಿಡ್ದೋರು ಈಗಿನ ಕಾಲ್ದಾಗೆ ಹೆಂಗೆ ಬದುಕ್ತಾರೆ? ಇಂಗೇ ಆದ್ರೆ ಶಿರಾ ಕಾನ್ವೆಂಟಿಗೆ ಹಾಕ್ಬುಡ್ತೀವಿ."

ಮೇಷ್ಟ್ರಿಗೆ ಚುರುಕ್ಕೆಂದಿತು. ಕಣ್ಣಲ್ಲೇ ಪಾಠ ಹೀರುವ ಹುಡುಗಿ ಅದು. ಅವಳನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿಲ್ಲ. ಮಧುಗಿರಿಯ ತರಬೇತಿಯಲ್ಲಿ ಯಾರೋ 'ಮುಂದಿನ ಕಾಲಕ್ಕೆ ಉತ್ತರ ಅಲ್ಲ, ಪ್ರಶ್ನೆ ಕಲಿಸಿ' ಎಂದಿದ್ದು, ತಾವು ಆಕಳಿಸಿದ್ದು, ಎರಡೂ ನೆನಪಾಯಿತು. ನಾಳೆ ಎಲ್ಲರೂ ಒಂದೊಂದು ಪ್ರಶ್ನೆ ತನ್ನಿ ಎಂದು ಮಕ್ಕಳಿಗೆ ಹೇಳಿದರು.

ತಂದರು. ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿ, ಹಾಜರಿ ಕೂಗುವ ಕ್ರಮದಲ್ಲೇ ಒಪ್ಪಿಸಿದರು! ಮೇಷ್ಟ್ರಿಗೆ ಮೊದಲು ನಗು ಬಂತು, ಅದರ ಹಿಂದೆಯೇ ದುಃಖವೂ ಬಂತು.

"ಪುಸ್ತಕದ್ದು ಬ್ಯಾಡ್ರಪ್ಪ, ನಿಮ್ ತಲೇಲಿರೋದು ಕೇಳಿ. ನಂಗೆ ಗೊತ್ತಿಲ್ದಿದ್ರೆ ನಾನೇ ಮೂಲೇಲಿ ನಿಂತ್ಕತೀನಿ."

ಉಮ್ಮೆ ಹಾನಿಯ ಕೈ ಮೆಲ್ಲಗೆ ಮೇಲೆದ್ದಿತು.

"ಸಾ, ಫೋನಿಗೆ ಎಲ್ಲಾ ಗೊತ್ತೈತೆ. ಮತ್ತೆ ನಾವ್ಯಾಕೆ ಬಾಯಿಪಾಠ ಮಾಡ್ಬೇಕು?"

ಮೇಷ್ಟ್ರು ಬಾಯಿ ತೆರೆದರು. ಜ್ಞಾನ, ಶಿಸ್ತು ಅಂತ ಏನೇನೋ ನಾಲಿಗೆ ತುದಿಗೆ ಬಂತು. ಯಾವುದನ್ನೂ ಅವರೇ ನಂಬಲಿಲ್ಲ. ಚಾಕ್‌ಪೀಸ್ ಮೇಜಿನ ಮೇಲಿಟ್ಟು, ಹೋಗಿ ಮೂಲೆಯಲ್ಲಿ ನಿಂತರು. ಕ್ಲಾಸು ಗೊಳ್ಳೆಂದಿತು.

ಅಲ್ಲಿಂದ ನೋಡಿದರೆ, ಕಿಟಕಿಯ ಬಿಸಿಲು ಹೊಡೆದು ಬೋರ್ಡು ಪೂರ್ತಿ ಬೆಳ್ಳಗೆ. ತಾವೇ ದಪ್ಪಗೆ ಬರೆದಿದ್ದರಲ್ಲಿ ಒಂದಕ್ಷರವೂ ಕಾಣಲಿಲ್ಲ.

"ಇಲ್ಲಿಂದ ಬೋರ್ಡೇ ಕಾಣ್ಸಲ್ವಲ್ಲಮ್ಮ!"

"ಯಾವತ್ತೂ ಕಾಣ್ಸಲ್ಲ ಸಾ," ಎಂದಳು ಉಮ್ಮೆ ಹಾನಿ. ಉತ್ತರ ಗೊತ್ತಿದ್ದೂ ಬಾಯಿ ಬಿಡದೆ, ಎಷ್ಟೋ ಸಲ ಅಲ್ಲೇ ನಿಂತವಳು ಅವಳು.

ಗೊತ್ತಿಲ್ಲದವರನ್ನೇ ಹುಡುಕಿ ಹುಡುಕಿ ಏನೂ ಕಾಣದ ಜಾಗಕ್ಕೆ ಕಳಿಸಿದೆನಲ್ಲ ಎಂದುಕೊಂಡರು ಮೇಷ್ಟ್ರು.

"ಒಂದಿನಾನಾದ್ರೂ ಹೇಳ್ಬಾರ್ದಿತ್ತಾ?"

"ಗೊತ್ತಿಲ್ದೋರು ಮಾತಾಡಂಗಿಲ್ವಲ್ಲ ಸಾ."

"ಇವತ್ತು ಗೊತ್ತಿಲ್ದೋನು ನಾನು ಕಣಮ್ಮ. ನೀನು ಮಾತಾಡು. ಇನ್ನೂ ಏನೇನು ಕಾಣ್ಸಲ್ಲ ಇಲ್ಲಿಂದ?"

ಅವಳು ಮೊದಲು ಅಕ್ಕಪಕ್ಕ ನೋಡಿದಳು. ಆಮೇಲೆ ಶುರುಮಾಡಿದಳು, ಮನೆಯಲ್ಲಿ ತಲೆ ತಿನ್ನುತ್ತಿದ್ದಳಲ್ಲ, ಥೇಟ್ ಹಾಗೆ. ಉಳಿದವರೂ ದನಿ ಸೇರಿಸಿದರು. ಪಕ್ಕದ ಕ್ಲಾಸಿನವರು ಬಾಗಿಲಲ್ಲಿ ಇಣುಕಿದರು. ಬೆಲ್ ಹೊಡೆಯಿತು. ಮಕ್ಕಳು ಏಳಲಿಲ್ಲ. ಮೇಷ್ಟ್ರು ಮೂಲೆ ಬಿಟ್ಟು ಬರಲೂ ಇಲ್ಲ.